ಸೈಲೇಜ್‌ಗೆ ಯಾವ ಮೆಕ್ಕೆಜೋಳ ಹೈಬ್ರಿಡ್ ಹಾಕ್ಬೇಕು? ಎತ್ತರ ನೋಡೋದಾ, ತೆನೆ ನೋಡೋದಾ?

ಹೊಸಕೊಟ್ಟಿಗೆ:
ಎಲ್ರಿಗೂ ನಮಸ್ಕಾರ. ಮುಂದಿನ ಬಿತ್ತನೆಗೆ ಬೀಜ ಬುಕ್ ಮಾಡೋ ಹೊತ್ತಾಯ್ತು, ತಲೆ ಕೆಟ್ಟು ಕೂತಿದ್ದೀನಿ. ಕರೆಯೋ ಹಸು ಇಪ್ಪತ್ತೆರಡು, ಕರು, ಪಡ್ಡೆ ಬೇರೆ. ವರ್ಷಪೂರ್ತಿ ಸೈಲೇಜ್ (ಗುಂಡಿಯಲ್ಲಿ ಹುದುಗಿಸಿಟ್ಟ ಹಸಿ ಮೇವು) ಮೇಲೇ ಸಂಸಾರ ನಡೀಬೇಕು.
ಹೋದ ಸಲ ಏಜೆಂಟ್ ಕೊಟ್ಟ "ಮೇವಿನ ಸ್ಪೆಷಲ್" ತಳಿ ಹನ್ನೊಂದು ಅಡಿ ಬಂತು. ಗುಂಡಿ ತುಂಬಿ ಮೇಲೆ ಗುಡ್ಡೆ ಆಯ್ತು. ನೋಡಿದವರೆಲ್ಲ ಭೇಷ್ ಅಂದ್ರು. ಆದ್ರೆ ಹಾಲು ಮಾತ್ರ ಇದ್ದಲ್ಲೇ ಇತ್ತು, ಹಿಂಡಿ ಕಡಿಮೆ ಮಾಡೋಕೆ ಹೋದ್ರೆ ಇಳಿದೇ ಹೋಗೋದು. ಮೊದಲ ಎರಡು ವಾರ ಗುಂಡಿ ಬುಡದಿಂದ ಕಂದು ನೀರು ಹರೀತಾನೇ ಇತ್ತು. ಕಾಳು ಕಟ್ಟಿದ್ದೇ ಕಡಿಮೆ, ಕಟ್ಟಿದ್ದರಲ್ಲೂ ಅಷ್ಟೋ ಇಷ್ಟೋ ಇಡೀ ಕಾಳು ಸಗಣಿಯಲ್ಲಿ.
ಈಗ ಒಬ್ಬ ಕಾಳಿನ ಹೈಬ್ರಿಡ್ಡೇ ಹಾಕು ಅಂತಾನೆ, ಇನ್ನೊಬ್ಬ ಎಲೆ ಜಾಸ್ತಿ ಇರೋದು ಹಾಕು ಅಂತಾನೆ, ಮತ್ತೊಬ್ಬ ಬಿಎಂಆರ್ (ಬ್ರೌನ್ ಮಿಡ್‌ರಿಬ್, ಎಲೆಯ ನಡುನರ ಕಂದು ಇರೋ ತಳಿ) ಅಂತಾನೆ. ಅನುಭವ ಇರೋರು ದಾರಿ ಹೇಳಿ.

ಹಾಲುಕ್ಯಾನ್:
ಎತ್ತರವೇ ಬೇಕಂದ್ರೆ ಬಿದಿರು ನೆಡಿ ಸಾಮಿ 😀

ಮೇವುಲೆಕ್ಕ:
ಮೊದಲು ಒಂದು ಲೆಕ್ಕ ಹಾಕಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತೆ. ಒಂದು ತಳಿ ಹೆಕ್ಟೇರಿಗೆ 50 ಟನ್ ಹಸಿ ಮೇವು ಕೊಟ್ಟಿತು ಅಂತಿಟ್ಕೊಳ್ಳಿ, ಅದರಲ್ಲಿ ಒಣ ಅಂಶ 25%. ಅಂದ್ರೆ ಸಿಕ್ಕಿದ್ದು 12.5 ಟನ್ ಮೇವು, ಉಳಿದಿದ್ದು ನೀರು. ಇನ್ನೊಂದು 42 ಟನ್ನೇ ಕೊಟ್ಟಿತು, ಆದ್ರೆ ಒಣ ಅಂಶ 33%. ಅಲ್ಲಿ ಸಿಕ್ಕಿದ್ದು ಹದಿನಾಲ್ಕು ಟನ್ ಹತ್ತಿರ. ಟ್ರ್ಯಾಕ್ಟರ್ ಟ್ರಿಪ್ ಲೆಕ್ಕ ಹಾಕುವವನಿಗೆ ಮೊದಲನೆಯದೇ ಗೆದ್ದ ಹಾಗೆ ಕಾಣುತ್ತೆ, ಹಸುವಿನ ಹೊಟ್ಟೆಗೆ ಎರಡನೆಯದು.
ನಿಮ್ಮ ಗುಂಡಿಯಿಂದ ಹರಿದ ಕಂದು ನೀರು ಬರೀ ನೀರಲ್ಲ. ಸಕ್ಕರೆ, ಪ್ರೋಟೀನು, ಖನಿಜ ಎಲ್ಲ ಅದರ ಜೊತೆ ಹೋಯ್ತು. ಒಣ ಅಂಶ 30%ಗಿಂತ ಕೆಳಗಿದ್ದಾಗ ಕತ್ತರಿಸಿದರೆ ಹೀಗೇ ಆಗೋದು.

ಕರಿಮಣ್ಣು:
ಎತ್ತರ ನೋಡಿ ಮಳ್ಳ ಆಗಬ್ಯಾಡ್ರಿ. ತೆನಿ ನೋಡ್ರಿ. ಛಲೋ ಸೈಲೇಜಿನ ಒಣ ತೂಕದಾಗ ಹತ್ತಿರ ಹತ್ತಿರ ಅರ್ಧ ತೆನಿದ ಇರತದ. ಶಕ್ತಿ ಲೆಕ್ಕ ಹಾಕಿದ್ರ ಅರ್ಧಕ್ಕಿಂತ ಜಾಸ್ತಿ ಕಾಳಿನಿಂದ ಬರತದ. ದಂಟು ಉದ್ದ ಆದಷ್ಟು ನಾರು ಜಾಸ್ತಿ, ಪಿಷ್ಟ ತೆಳು. ನಿಮ್ಮ ಹಾಲು ಯಾಕ ಏರಲಿಲ್ಲ ಅಂದ್ರ ಇದ ಕಾರಣ ನೋಡ್ರಿ.

ಬೀಜಬುಟ್ಟಿ:
ನಾನು ಬೀಜ ಮಾರೋನೇ, ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಬೇಡಿ. ಎತ್ತರದ ತಳಿ ಎಲ್ಲ ಕೆಟ್ಟದ್ದು ಅನ್ನೋದು ತಪ್ಪು. ಎತ್ತರವೂ ಇದ್ದು ದಪ್ಪ ತೆನೆಯೂ ಕಟ್ಟೋ ಹೈಬ್ರಿಡ್ ಇವೆ. ಬರೀ ಕಾಳಿನ ಇಳುವರಿ ಪಟ್ಟಿ ನೋಡಿ ಸೈಲೇಜ್‌ಗೆ ತಳಿ ಆರಿಸೋದೂ ತಪ್ಪೇ. ಕಾಳಿನ ತಳಿಯನ್ನು ತಿದ್ದುವವರು ದಂಟು ಗಟ್ಟಿ ಇರಲಿ, ಗಾಳಿಗೆ ಬೀಳದಿರಲಿ, ಕಾಳು ಬೇಗ ಒಣಗಲಿ ಅಂತ ನೋಡ್ತಾರೆ. ದಂಟು ಹಸುವಿಗೆ ಎಷ್ಟು ಜೀರ್ಣ ಆಗುತ್ತೆ ಅನ್ನೋದು ಅವರ ಪಟ್ಟಿಯಲ್ಲೇ ಇರಲ್ಲ.

ಕರಿಮಣ್ಣು:
ಹಂಗಂದ್ರ ನಿಮ್ಮ ಚೀಲದ ಮ್ಯಾಲ ನಾರಿನ ಜೀರ್ಣದ ಅಂಕಿ ಎಲ್ಲಿ ಬರದೀರಿ ತೋರಸ್ರಿ. ಎಲ್ಲಾ ಚೀಲದ ಮ್ಯಾಲೂ ಹಸಿರ ಗಿಡದ ಫೋಟೋನ ಇರತದ.

ಬೀಜಬುಟ್ಟಿ:
ಚೀಲದ ಮೇಲೆ ಇರಲ್ಲ ಸರ್, ಒಪ್ಪಿದೆ. ಕೇಳಿದರೆ ಟ್ರಯಲ್ ಶೀಟ್ (ತಳಿಗಳನ್ನ ಬೆಳೆದು ಅಳೆದ ಪಟ್ಟಿ) ಕೊಡಬೇಕು. ಕೊಡದಿದ್ದರೆ ಬೇರೆ ಅಂಗಡಿ ನೋಡಿ, ನನ್ನದೇ ಆದರೂ ಸರಿ.

ಗೋಮಾಳದಾಕೆ:
ಆ ಶೀಟ್ ಸಿಕ್ಕರೂ ಏನು ನೋಡಬೇಕು ಅಂತ ಯಾರೂ ಹೇಳಲ್ಲ. ನಾನು ನೋಡೋದು ಇಷ್ಟು. ಹೆಕ್ಟೇರಿಗೆ ಎಷ್ಟು ಒಣ ಅಂಶ, ಹಸಿ ತೂಕ ಅಲ್ಲ. ಪಿಷ್ಟ ಎಷ್ಟು, 30% ಮೇಲಿದ್ದರೆ ಖುಷಿ. ಆಮೇಲೆ ಎನ್‌ಡಿಎಫ್ ಅನ್ನೋ ನಾರು ಎಷ್ಟಿದೆ ಅನ್ನೋದಕ್ಕಿಂತ ಅದರಲ್ಲಿ ಎಷ್ಟು ಪಾಲು ಜೀರ್ಣ ಆಗುತ್ತೆ ಅನ್ನೋದು. ಇದನ್ನ 30 ಗಂಟೆ ರೂಮೆನ್ (ಹಸುವಿನ ಮೊದಲ ಹೊಟ್ಟೆ) ದ್ರವದಲ್ಲಿ ಇಟ್ಟು ಅಳೀತಾರೆ. ಒಬ್ಬರು 30 ಗಂಟೆ, ಇನ್ನೊಬ್ಬರು 48 ಗಂಟೆ ಅಂಕಿ ಕೊಟ್ಟರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು, 48ರದ್ದು ಯಾವಾಗಲೂ ಜಾಸ್ತಿಯೇ ಕಾಣುತ್ತೆ.
ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಓಬಾ ಮತ್ತು ಆಲನ್ 1999ರಲ್ಲಿ ಹಲವು ಪ್ರಯೋಗಗಳನ್ನ ಒಟ್ಟು ಮಾಡಿ ನೋಡಿದ್ರು. ನಾರಿನ ಜೀರ್ಣ ಒಂದು ಅಂಶ ಏರಿದರೆ ಹಸು ದಿನಕ್ಕೆ 0.17 ಕಿಲೋ ಒಣ ಮೇವು ಹೆಚ್ಚು ತಿನ್ನುತ್ತೆ, 4% ಕೊಬ್ಬಿನ ಲೆಕ್ಕದಲ್ಲಿ 0.25 ಕಿಲೋ ಹಾಲು ಹೆಚ್ಚು ಕೊಡುತ್ತೆ ಅಂತ ಬಂತು. ಎರಡು ತಳಿ ಮಧ್ಯೆ ನಾಲ್ಕು ಅಂಶ ವ್ಯತ್ಯಾಸ ಇದ್ದರೆ ಹಸುವೊಂದಕ್ಕೆ ಒಂದು ಕಿಲೋ ಹಾಲು ಆಯ್ತಲ್ಲ.

ಅರೆಬರೆರೈತ:
ಇಷ್ಟೆಲ್ಲ ಯಾಕೆ, ಆಫ್ರಿಕನ್ ಟಾಲ್ ಹಾಕಿ ಬಿಡಿ. ಬೀಜ ನಾವೇ ಎತ್ತಿಟ್ಟುಕೊಳ್ಳಬಹುದು, ಹೈಬ್ರಿಡ್ ಹಾಗೆ ವರ್ಷ ವರ್ಷ ಕೊಳ್ಳಬೇಕಿಲ್ಲ.

ಮೇವುಲೆಕ್ಕ:
ಅದು ಕಾಂಪೊಸಿಟ್ (ಹಲವು ತಳಿ ಬೆರೆಸಿ ಮಾಡಿದ) ತಳಿ, ಬೀಜ ಎತ್ತಿಡಬಹುದು ಅನ್ನೋದು ನಿಜ. ಹಸಿ ಮೇವಾಗಿ ದಿನಾ ಕೊಯ್ದು ಹಾಕೋಕೆ ಒಳ್ಳೇದು. ಸೈಲೇಜ್‌ಗೆ ಅಂದ್ರೆ ಎಲೆ, ದಂಟು ಜಾಸ್ತಿ, ಗಿಡದ ಅಳತೆಗೆ ಕಾಳು ಕಡಿಮೆ. ಗಿಡ ಗಿಡಕ್ಕೂ ಹದ ಬೇರೆ ಬೇರೆ ಇರುತ್ತೆ, ಒಂದರಲ್ಲಿ ಹಾಲುಗಾಳು, ಪಕ್ಕದ್ದರಲ್ಲಿ ಆಗಲೇ ಗಟ್ಟಿ. ಒಳ್ಳೆ ಹೈಬ್ರಿಡ್‌ನಲ್ಲಿ ಹೊಲ ಪೂರ್ತಿ ಒಂದೇ ಸಲ ಹದಕ್ಕೆ ಬರುತ್ತೆ, ಸೈಲೇಜ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಹಟ್ಟಿಡಾಕ್ಟ್ರು:
ಹೊಸಕೊಟ್ಟಿಗೆಯವರೇ, ಸಗಣಿಯಲ್ಲಿ ಕಾಳು ಬರೋ ವಿಷಯ ಯಾರೂ ಮುಟ್ಟಲಿಲ್ಲ, ನನಗೆ ಅದೇ ಮುಖ್ಯ ಅನ್ಸುತ್ತೆ. ಒಂದು ಬೊಗಸೆ ಸಗಣಿ ಜರಡಿಗೆ ಹಾಕಿ ನೀರು ಬಿಟ್ಟು ತೊಳೀರಿ. ಉಳಿದ ಕಾಳನ್ನ ಉಗುರಿಂದ ಒತ್ತಿ ನೋಡಿ. ಬರೀ ಸಿಪ್ಪೆ ಆದರೆ ಚಿಂತೆ ಇಲ್ಲ, ಒಳಗಿನ ಪಿಷ್ಟ ಹೊಟ್ಟೆಗೆ ಹೋಗಿದೆ. ಒಳಗೆ ಗಟ್ಟಿ ಹಳದಿ ಹಾಗೇ ಇದ್ದರೆ ನಷ್ಟ.
ಇದು ಎರಡು ಕಡೆಯಿಂದ ಬರುತ್ತೆ. ಒಂದು, ಯಂತ್ರ ಕಾಳು ಒಡೆದಿಲ್ಲ. ಎರಡು, ಕಾಳೇ ಗಾಜಿನ ಥರ ಗಟ್ಟಿ ಜಾತಿ. ಮೆಕ್ಕೆಜೋಳದ ಕಾಳಿನಲ್ಲಿ ಫ್ಲಿಂಟ್, ಡೆಂಟ್ ಅಂತ ಎರಡು ಬಗೆ ಇರೋದು ಗೊತ್ತಲ್ಲ. ಫ್ಲಿಂಟ್‌ನಲ್ಲಿ ಪಿಷ್ಟದ ಹರಳುಗಳ ಸುತ್ತ ಜೀಯಿನ್ (zein) ಅನ್ನೋ ಪ್ರೋಟೀನ್ ಬಿಗಿಯಾಗಿ ಕಟ್ಟಿಕೊಂಡಿರುತ್ತೆ, ರೂಮೆನ್‌ನ ಸೂಕ್ಷ್ಮಜೀವಿಗಳಿಗೆ ಬೇಗ ಬಿಡಿಸೋಕಾಗಲ್ಲ. ಡೆಂಟ್ ಕಾಳಿನ ನೆತ್ತಿಯಲ್ಲಿ ಗುಳಿ ಬಿದ್ದಿರುತ್ತೆ, ಒಳಗೆ ಹಿಟ್ಟು ಹಿಟ್ಟು. ಒಂದು ಒಣ ಕಾಳು ಉದ್ದಕ್ಕೆ ಸೀಳಿ ನೋಡಿ, ಬಿಳಿ ಹಿಟ್ಟಿನ ಭಾಗ ಎಷ್ಟು, ಹೊಳೆಯೋ ಭಾಗ ಎಷ್ಟು ಅಂತ ಕಣ್ಣಿಗೇ ಕಾಣುತ್ತೆ.

ಹೊಸಕೊಟ್ಟಿಗೆ:
ಡಾಕ್ಟ್ರೇ, ಈಗಷ್ಟೇ ಉಳಿದ ತೆನೆಯ ಕಾಳು ಸೀಳಿ ನೋಡ್ದೆ. ಹೆಚ್ಚುಕಮ್ಮಿ ಪೂರ್ತಿ ಹೊಳೀತಿದೆ. ನನ್ನ ಹತ್ರ ಇರೋದು ಮಾಮೂಲಿ ಚಾಫ್ ಕಟರ್, ಕಾಳು ಒಡೆಯೋ ರೋಲರ್ ಇಲ್ಲ.

ಹಟ್ಟಿಡಾಕ್ಟ್ರು:
ಹಾಗಾದರೆ ನಿಮಗೆ ಹಿಟ್ಟುಗಾಳಿನ ತಳಿಯೇ ಬೇಕು, ಅದನ್ನ ಬೀಜದವರ ಹತ್ತಿರ ಬಾಯಿಬಿಟ್ಟು ಕೇಳಿ. ರೋಲರ್ ಇದ್ದವರು 19 ಮಿಲಿಮೀಟರ್ ಉದ್ದ ಕತ್ತರಿಸಿದರೂ ನಡೆಯುತ್ತೆ, ಕಾಳು ರೋಲರ್ ನೋಡಿಕೊಳ್ಳುತ್ತೆ. ನೀವು 10 ಮಿಲಿಮೀಟರ್ ಹತ್ತಿರ ಇಡಬೇಕು. ಅಷ್ಟು ಸಣ್ಣಗೆ ಕತ್ತರಿಸಿದರೆ ಮೆಲುಕು ಹಾಕೋಕೆ ನಾರು ಸಾಲಲ್ಲ, ಹುಲ್ಲು ಒಂದಿಷ್ಟು ಜೊತೆಗೆ ಕೊಡ್ತಾ ಇರಿ.

ಟ್ರೇಲರ್ತುಂಬ:
ರೋಲರ್ ಇದ್ದರೆ ಎಲ್ಲ ಸರಿಹೋಗುತ್ತೆ ಅಂತಲ್ಲ ಗುರು. ನಾನು ಬಾಡಿಗೆಗೆ ಕಟಾವು ಓಡಿಸೋನು. ಬೇಗ ಮುಗಿಸಲಿ ಅಂತ ರೋಲರ್ ಅಗಲ ಬಿಟ್ಟು ಓಡಿಸೋರನ್ನ ನೋಡಿದ್ದೀನಿ. ಹೊಲದಲ್ಲೇ ಪರೀಕ್ಷೆ ಮಾಡಿ: ಒಂದು ಲೀಟರ್ ಡಬ್ಬಿ ತುಂಬ ಕತ್ತರಿಸಿದ ಮೇವು ತಗೊಂಡು ಬಕೆಟ್ ನೀರಿಗೆ ಸುರಿದು ಕಲಕಿ. ಎಲೆ ದಂಟು ತೇಲುತ್ತೆ, ಕಾಳು ತಳಕ್ಕೆ ಕೂರುತ್ತೆ. ಮೇಲಿನದು ತೆಗೆದು ತಳದ್ದು ಎಣಿಸಿ. ಇಡೀ ಕಾಳು, ಅರ್ಧ ಕಾಳು ಸೇರಿ ಎರಡು ಮೂರಕ್ಕಿಂತ ಜಾಸ್ತಿ ಸಿಕ್ಕರೆ ಡ್ರೈವರ್‌ಗೆ ಅಲ್ಲೇ ನಿಲ್ಲಿಸು ಅನ್ನಿ. ಗುಂಡಿ ಮುಚ್ಚಿದ ಮೇಲೆ ಹೇಳಿ ಏನೂ ಪ್ರಯೋಜನ ಇಲ್ಲ.

ಹಾಲುಕ್ಯಾನ್:
ಡ್ರೈವರ್‌ಗೆ ನಿಲ್ಲಿಸು ಅಂದ್ರೆ ಅವನು ಯಂತ್ರ ತಗೊಂಡು ಪಕ್ಕದ ಹೊಲಕ್ಕೇ ಹೋಗ್ತಾನೆ.

ಟ್ರೇಲರ್ತುಂಬ:
ಟೀ ಕೊಟ್ಟು ಹೇಳಿ, ಹೋಗಲ್ಲ.

ಹಸಿರುಗೆರೆ:
ಬಿಎಂಆರ್ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ನನ್ನ ಪ್ರಕಾರ ಅದೇ ಉತ್ತರ. ದಂಟು ಗಟ್ಟಿ ಮಾಡೋ ಲಿಗ್ನಿನ್ ಕಡಿಮೆ, ನಾರು ಕರಗುತ್ತೆ, ಹಸು ಹೆಚ್ಚು ತಿನ್ನುತ್ತೆ, ಹಾಲು ಏರುತ್ತೆ. 1924ರಲ್ಲೇ ಅಮೆರಿಕದ ಮಿನ್ನೆಸೋಟದಲ್ಲಿ ಈ ಗುಣದ ಗಿಡ ಕಣ್ಣಿಗೆ ಬಿದ್ದಿತ್ತು. ಎಲೆಯ ನಡುನರ ಕಂದು ಬಣ್ಣ ಇರುತ್ತೆ, ಹಾಗಾಗಿ ಗುರುತು ಹಿಡಿಯೋದೂ ಸುಲಭ.

ಕರಿಮಣ್ಣು:
ಲಿಗ್ನಿನ್ ಕಡಿಮಿ ಅಂದ್ರ ದಂಟಿಗೆ ಬಲಾನೂ ಕಡಿಮಿ ಅಲ್ಲೇನ್ರಿ? ಒಂದ ಗಾಳಿ ಬಿಟ್ರ ಹೊಲಾ ಎಲ್ಲಾ ಚಾಪಿ ಹಾಸಿದಂಗ. ಇಳುವರಿನೂ ಬಾಳ ಕಡಿ ಹತ್ತು ಹದಿನೈದು ಪರ್ಸೆಂಟ್ ಬಿಟ್ಟುಕೊಡಬೇಕು.

ಹಸಿರುಗೆರೆ:
ಈಗಿನ ತಳಿ ಹಾಗೆ ಬೀಳಲ್ಲ. ಹಳೇ ಕತೆ ಹೇಳ್ತಿದ್ದೀರ.

ಗೋಮಾಳದಾಕೆ:
ಇಬ್ಬರದ್ದೂ ಅರ್ಧರ್ಧ ಸರಿ. ಬಿಎಂಆರ್‌ನಿಂದ ಲಾಭ ಪಡೆಯೋದು ಹೊಟ್ಟೆ ತುಂಬಿ ಇನ್ನು ತಿನ್ನೋಕಾಗದೆ ಹಾಲು ನಿಲ್ಲಿಸಿರೋ ಹಸು, ಅಂದ್ರೆ ಕರು ಹಾಕಿದ ಹೊಸತರಲ್ಲಿರೋ ಹೆಚ್ಚು ಹಾಲಿನ ಹಸು. ನಾರು ಬೇಗ ಕರಗಿ ಹೊಟ್ಟೆ ಖಾಲಿಯಾದರೆ ಅದು ಇನ್ನಷ್ಟು ತಿನ್ನುತ್ತೆ. ಗಬ್ಬದ ಹಸು, ಪಡ್ಡೆ, ಕಡಿಮೆ ಹಾಲಿನವಕ್ಕೆ ಇದನ್ನ ಹಾಕಿದರೆ ಸುಮ್ಮನೆ ಕೊಬ್ಬುತ್ತವೆ. ಎರಡು ಗುಂಡಿ ಮಾಡಿ ಬೇರೆ ಬೇರೆ ತಿನ್ನಿಸೋ ವ್ಯವಸ್ಥೆ ಇದ್ದವರಿಗೆ ಬಿಎಂಆರ್ ಸರಿ. ಇಪ್ಪತ್ತೆರಡು ಹಸುಗೆ ಒಂದೇ ಗುಂಡಿ ಇರೋರಿಗೆ ನಾನು ಹೇಳಲ್ಲ.

ಹಸಿರುಗೆರೆ:
ಒಂದೇ ಗುಂಡಿ ಅಂತ ಅವರು ಎಲ್ಲೂ ಬರೆದಿಲ್ಲವಲ್ಲ?

ಹೊಸಕೊಟ್ಟಿಗೆ:
ಒಂದೇ ಗುಂಡಿ 🙂 ಒಂದಷ್ಟು ಚೀಲದಲ್ಲೂ ತುಂಬ್ತೀವಿ.

ಹೊಲಮನೆ_ಅಕ್ಕ:
ಚೀಲದಲ್ಲಿ ತುಂಬೋರು ಇಲಿ ಬಗ್ಗೆ ಎಚ್ಚರ. ಬೆರಳು ತೂರುವಷ್ಟು ತೂತು ಬಿದ್ದರೂ ಸುತ್ತ ಬೂಸ್ಟು ಹಿಡಿದು ಕಾಲು ಚೀಲ ಹೋಗುತ್ತೆ. ತೂತು ಕಂಡ ಕೂಡಲೇ ಟೇಪ್ ಅಂಟಿಸಿ. ಮಾಮೂಲಿ ಸೆಲೋಟೇಪ್ ಬಿಸಿಲಿಗೆ ನಿಲ್ಲಲ್ಲ, ಸೈಲೇಜ್‌ಗೇ ಅಂತ ಟೇಪ್ ಬರುತ್ತೆ. ಬೂಸ್ಟು ಹಿಡಿದದ್ದನ್ನ "ಎಮ್ಮೆ ತಿನ್ನುತ್ತೆ ಬಿಡು" ಅಂತ ಹಾಕಬೇಡಿ.

ಹಟ್ಟಿಡಾಕ್ಟ್ರು:
ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು. ಗಬ್ಬದ ಎಮ್ಮೆಗಂತೂ ಬೇಡವೇ ಬೇಡ.

ಅರೆಬರೆರೈತ:
ಮೆಕ್ಕೆಜೋಳ ಎಳೇದಿದ್ದಾಗ ಹಸುಗೆ ಕೊಟ್ಟರೆ ಸಯನೈಡ್ ವಿಷ ಆಗುತ್ತಂತಲ್ಲ, ಯಾವ ಹೈಬ್ರಿಡ್‌ನಲ್ಲಿ ಅದು ಕಡಿಮೆ?

ಹಟ್ಟಿಡಾಕ್ಟ್ರು:
ಅದು ಬಿಳಿಜೋಳದ ವಿಷಯ ಮಾರಾಯ್ರೇ, ಎಳೆ ಜೋಳದ ಪೈರಿನಲ್ಲಿ ಬರೋದು. ಮೆಕ್ಕೆಜೋಳದಲ್ಲಿ ಆ ಭಯ ಇಲ್ಲ. ಇದರಲ್ಲಿ ನೋಡಬೇಕಾದ್ದು ನೈಟ್ರೇಟ್. ನೀರಿಲ್ಲದೆ ಒಣಗುತ್ತಿದ್ದ ಗಿಡಕ್ಕೆ ಇದ್ದಕ್ಕಿದ್ದಂತೆ ಮಳೆ ಬಿದ್ದರೆ ಬೇರು ಸಾರಜನಕ ಎಳೆದುಕೊಳ್ಳುತ್ತೆ, ಗಿಡ ಅದನ್ನ ಪ್ರೋಟೀನ್ ಮಾಡೋಷ್ಟರಲ್ಲಿ ದಂಟಿನ ಬುಡದಲ್ಲಿ ನೈಟ್ರೇಟ್ ಸೇರಿಕೊಂಡಿರುತ್ತೆ. ಅಂಥ ಹೊತ್ತಲ್ಲಿ ಕೆಲವು ದಿನ ತಡೆದು, ಬುಡ ಒಂದಡಿ ಬಿಟ್ಟು ಕತ್ತರಿಸಿ. ಗುಂಡಿಯಲ್ಲಿ ಹುದುಗುವಾಗ ಒಂದು ಪಾಲು ಕಡಿಮೆಯಾಗುತ್ತೆ.
ಆದರೆ ಗುಂಡಿ ತುಂಬಿದ ಮೊದಲ ಮೂರು ವಾರ ಅಲ್ಲಿಂದ ಹಳದಿ ಕಂದು ಗಾಳಿ ಬರಬಹುದು, ನೈಟ್ರೋಜನ್ ಡೈಆಕ್ಸೈಡ್. ಗಾಳಿಗಿಂತ ಭಾರ, ತಗ್ಗಲ್ಲಿ ನಿಲ್ಲುತ್ತೆ, ಉಸಿರಿಗೆ ಹೋದರೆ ಶ್ವಾಸಕೋಶ ಸುಡುತ್ತೆ. ಮಕ್ಕಳು, ನಾಯಿ ಆ ಕಡೆ ಸುಳಿಯದಂತೆ ನೋಡಿಕೊಳ್ಳಿ.

ಮೇವುಲೆಕ್ಕ:
ಮತ್ತೆ ತಳಿಗೆ ಬರೋಣ. ಎಲ್ಲರೂ ಪಿಷ್ಟ, ನಾರು ಅಂತಿದ್ದೀರಿ, ಅವಧಿ ಬಗ್ಗೆ ಯಾರೂ ಹೇಳ್ತಿಲ್ಲ. ಕಾಳಿಗೆ ಬೆಳೆಯೋದಕ್ಕಿಂತ ಐದು ಹತ್ತು ದಿನ ಹೆಚ್ಚು ಅವಧಿಯ ತಳಿ ಸೈಲೇಜ್‌ಗೆ ಹಾಕಬಹುದು, ಯಾಕಂದ್ರೆ ಪೂರ್ತಿ ಒಣಗೋವರೆಗೆ ಕಾಯೋದಿಲ್ಲ. ಅವಧಿ ಹೆಚ್ಚಿದಷ್ಟು ಇಳುವರಿ ಹೆಚ್ಚು. ಆದ್ರೆ ನೀರು ಕೈಕೊಟ್ಟರೆ, ಮುಂದಿನ ಬೆಳೆಗೆ ಹೊಲ ಬೇಕಾದರೆ, ಹದಕ್ಕೆ ಬರೋ ಮೊದಲೇ ಕತ್ತರಿಸಬೇಕಾಗುತ್ತೆ. ಆಗ ಆ ಉದ್ದ ಅವಧಿಯ ತಳಿ ನಿಮಗೆ ಕೊಡೋದು ಬರೀ ನೀರು. ಹೊಸಕೊಟ್ಟಿಗೆಯವರದ್ದು ಹೀಗೇ ಆಗಿರಬೇಕು ಅಂತ ನನ್ನ ಅನುಮಾನ.

ಹೊಸಕೊಟ್ಟಿಗೆ:
ಹೌದು, ಕಟಾವು ಯಂತ್ರ ಸಿಕ್ಕ ದಿನ ಕತ್ತರಿಸಿದ್ದು. ಆಮೇಲೆ ಸಿಗಲ್ಲ ಅಂದ್ರು. ಗಿಡ ಹಚ್ಚ ಹಸಿರಾಗಿತ್ತು, ಕಾಳು ಒತ್ತಿದರೆ ಹಾಲು ಚಿಮ್ಮೋದು.

ಟ್ರೇಲರ್ತುಂಬ:
ಅಲ್ಲಿಗೆ ಗೊತ್ತಾಯ್ತು ಬಿಡಿ. ತಳಿಯದ್ದು ಅರ್ಧ ತಪ್ಪು, ನಮ್ಮ ಯಂತ್ರದವರದ್ದು ಅರ್ಧ. ಒಂದೇ ತಳಿ ಪೂರ್ತಿ ಹೊಲಕ್ಕೆ ಹಾಕಬೇಡಿ. ಹತ್ತು ದಿನ ಅಂತರ ಇರೋ ಎರಡು ತಳಿ ಹಾಕಿ, ಇಲ್ಲಾ ಒಂದೇ ತಳಿಯನ್ನ ಎರಡು ಸಲ ಬಿತ್ತಿ. ಯಂತ್ರ ನಾಲ್ಕು ದಿನ ತಡವಾದರೂ ಒಂದು ಭಾಗವಾದರೂ ಹದದಲ್ಲಿ ಸಿಗುತ್ತೆ.

ಬೀಜಬುಟ್ಟಿ:
ಅದಕ್ಕೇ ಅಲ್ವಾ ಸ್ಟೇ-ಗ್ರೀನ್ ತಳಿ ಇರೋದು. ತೆನೆ ಬಲಿತರೂ ಗಿಡ ಹಸಿರು. ಕಟಾವಿಗೆ ಹೆಚ್ಚು ದಿನ ಸಿಗುತ್ತೆ.

ಗೋಮಾಳದಾಕೆ:
ಸಿಗುತ್ತೆ, ಜೊತೆಗೆ ಮೋಸವೂ ಮಾಡುತ್ತೆ. ಕಾಳು ಗಟ್ಟಿಯಾಗ್ತಾ ಹೋಗುತ್ತೆ, ದಂಟು ನೀರು ಹಿಡಿದೇ ಇರುತ್ತೆ. ಇಡೀ ಗಿಡದ ಒಣ ಅಂಶ 33% ಬರಲಿ ಅಂತ ಕಾಯುವಷ್ಟರಲ್ಲಿ ಕಾಳು ಕಲ್ಲು. ರೋಲರ್ ಇಲ್ಲದವರಿಗೆ ಆ ಗುಣ ಅತಿಯಾದರೆ ಕಷ್ಟ. ಎಲೆ ರೋಗ ತಡೆಯೋ ಶಕ್ತಿ ಇರಲಿ, ಅದು ಬೇರೆ. ಎಲೆ ಒಣಗು ರೋಗ ಬಿದ್ದು ಗಿಡ ಕಾಲಕ್ಕೆ ಮೊದಲೇ ಸತ್ತರೆ ಮೂರ್ನಾಲ್ಕು ದಿನದಲ್ಲಿ ಹದ ಮೀರಿಹೋಗುತ್ತೆ.

ಹೊಲಮನೆ_ಅಕ್ಕ:
ಹದ ನೋಡೋದು ಹೇಗೆ ಅಂತ ಹೊಸಬರಿಗೆ ಒಂದು ಮಾತು. ಹೊಲದ ಒಳಗೆ ಹೋಗಿ ತೆನೆ ಕಿತ್ತು ನಡುವೆ ಮುರೀರಿ. ತುದಿ ಕಡೆಯ ತುಂಡು ಹಿಡಿದು, ಮುರಿದ ಬಾಯಲ್ಲಿ ಕಾಣೋ ಕಾಳು ನೋಡಿ. ಹೊರಗಿನ ನೆತ್ತಿ ಕಡೆ ಗಾಢ ಹಳದಿ, ದಿಂಡಿನ ಕಡೆ ಪೇಲವ, ಮಧ್ಯೆ ಒಂದು ಗೆರೆ. ಅದೇ ಮಿಲ್ಕ್ ಲೈನ್. ಗೆರೆ ನೆತ್ತಿಯಿಂದ ದಿಂಡಿನ ಕಡೆ ಇಳೀತಾ ಬರುತ್ತೆ. ಅರ್ಧಕ್ಕೆ ಬಂದಾಗ ಯಂತ್ರದವರಿಗೆ ಫೋನ್ ಮಾಡಿ, ಮೂರರಲ್ಲಿ ಎರಡು ಪಾಲು ದಾಟೋದರೊಳಗೆ ಕತ್ತರಿಸಿ ಮುಗಿಸಿ. ರೇಷ್ಮೆ ಎಳೆ ಹೊರಬಂದ ದಿನ ಬರೆದಿಟ್ಟುಕೊಂಡಿದ್ದರೆ ಅಲ್ಲಿಂದ ಆರು ಆರೂವರೆ ವಾರ ಅಂದಾಜು. ಬಿಸಿಲು ಜೋರಿದ್ದರೆ ಇನ್ನೂ ಬೇಗ.

ಮೇವುಲೆಕ್ಕ:
ಗೆರೆ ನೋಡೋದು ಶುರುವಿಗೆ ಸರಿ ಅಕ್ಕ, ಕೊನೆ ಮಾತು ತೂಕದ್ದು. ಹೊಲದ ಬೇರೆ ಬೇರೆ ಕಡೆಯಿಂದ ನಾಲ್ಕೈದು ಗಿಡ ತಂದು ಕತ್ತರಿಸಿ ಕಲಸಿ, ಸರಿಯಾಗಿ 100 ಗ್ರಾಂ ತೂಗಿ ಮೈಕ್ರೋವೇವ್‌ನಲ್ಲಿಡಿ. ಪಕ್ಕದಲ್ಲಿ ಒಂದು ಲೋಟ ನೀರು ಇರಲಿ, ಇಲ್ಲದಿದ್ದರೆ ಹೊತ್ತಿಕೊಳ್ಳುತ್ತೆ. ಸ್ವಲ್ಪ ಹೊತ್ತು ಬಿಸಿ ಮಾಡಿ, ತೂಗಿ, ಮತ್ತೆ ಇಡಿ. ತೂಕ ಇಳಿಯೋದು ನಿಂತಾಗ ತಕ್ಕಡಿಯಲ್ಲಿ ಎಷ್ಟು ಗ್ರಾಂ ಉಳಿದಿದೆಯೋ ಅಷ್ಟೇ ಪರ್ಸೆಂಟ್ ಒಣ ಅಂಶ. 32ರಿಂದ 35 ಬಂದರೆ ಯಂತ್ರ ಹೊಲಕ್ಕೆ ಇಳಿಯಲಿ. 40 ದಾಟಿದರೆ ತುಳಿದರೂ ಗಾಳಿ ಹೋಗಲ್ಲ, ಬಿಸಿಯೇರಿ ಬೂಸ್ಟು ಹಿಡಿಯುತ್ತೆ.

ಹಾಲುಕ್ಯಾನ್:
ಅಡುಗೆಮನೆ ಮೈಕ್ರೋವೇವ್‌ನಲ್ಲಿ ಮೇವು ಬೇಯಿಸಿದರೆ ಮನೆಯವರು ಗುಂಡಿಯಲ್ಲಿ ನಮ್ಮನ್ನೇ ಮುಚ್ಚಿಬಿಡ್ತಾರೆ.

ಹೊಲಮನೆ_ಅಕ್ಕ:
ಹಳೇದೊಂದು ಕೊಟ್ಟಿಗೆಗೇ ಅಂತ ಇಟ್ಟುಕೊಳ್ಳಿ. ಆ ವಾಸನೆ ವಾರ ಬಿಡಲ್ಲ, ನಿಜ.

ಕರಿಮಣ್ಣು:
ಬೀಜ ಎಷ್ಟ ದಟ್ಟ ಹಾಕಬೇಕು ಅದನ್ನೂ ಹೇಳ್ರಿ ಯಾರರ. ನಮ್ಮ ಕಡೆ ಮೇವಿಗೆ ಅಂದ್ರ ಕಣ್ಣ ಮುಚ್ಚಿ ಚೆಲ್ಲತಾರ.

ಬೀಜಬುಟ್ಟಿ:
ಚೆಲ್ಲಬೇಡಿ. 60 ಸೆಂಟಿಮೀಟರ್ ಸಾಲು, ಗಿಡದಿಂದ ಗಿಡಕ್ಕೆ 20 ಇಟ್ಟರೆ ಹೆಕ್ಟೇರಿಗೆ 83,000 ಚಿಲ್ಲರೆ ಗಿಡ. ನೀರು ಗೊಬ್ಬರ ಎರಡೂ ಸಾಕಷ್ಟಿದ್ದು, ದಟ್ಟಣೆ ತಡೆಯೋ ತಳಿ ಆದರೆ ಅಷ್ಟು ಸರಿ. ಮಳೆ ನಂಬಿದ ಹೊಲಕ್ಕೆ 65,000 ಹತ್ತಿರ ಇರಲಿ. ಇನ್ನೂ ದಟ್ಟ ಮಾಡಿದರೆ ಗಿಡ ತೆಳ್ಳಗೆ ಮೇಲಕ್ಕೆ ಎದ್ದು ತೆನೆ ಕಟ್ಟೋದೇ ಇಲ್ಲ.

ಗೊಬ್ಬರದಗುಂಡಿ:
ಇದಕ್ಕೆ ನನ್ನದೂ ಒಂದು ಸೇರಿಸಿ. ಕಾಳು ಮಾರೋರು ದಂಟು ಹೊಲದಲ್ಲೇ ಬಿಡ್ತಾರೆ. ಸೈಲೇಜ್ ಅಂದ್ರೆ ಬುಡದವರೆಗೆ ಎಲ್ಲ ಎತ್ತಿಕೊಂಡು ಹೋಗ್ತೀವಿ. ಒಣ ಮೇವಲ್ಲಿ 8% ಪ್ರೋಟೀನ್ ಅಂದ್ರೆ 1.3% ಸಾರಜನಕ. ಹದಿನಾಲ್ಕು ಟನ್‌ಗೆ 180 ಕಿಲೋ ಹೋಯ್ತು, ಪೊಟ್ಯಾಷ್ ಬೇರೆ ಹೆಚ್ಚುಕಮ್ಮಿ ಅಷ್ಟೇ ಹೋಗುತ್ತೆ. ಕೊಟ್ಟಿಗೆ ಗೊಬ್ಬರ, ಗಂಜಲ ಅದೇ ಹೊಲಕ್ಕೆ ಹಿಂದಿರುಗದಿದ್ದರೆ ಮೂರನೇ ವರ್ಷಕ್ಕೆ ಯಾವ ಹೈಬ್ರಿಡ್ಡೂ ಬರಲ್ಲ, ದಂಟು ಕೊಳೆತು ಬೀಳುತ್ತೆ. ಬೈಯೋದು ಬೀಜದವನನ್ನ.

ಬೀಜಬುಟ್ಟಿ:
ಅಬ್ಬಾ, ಒಬ್ಬರಾದರೂ ನನ್ನ ಪರ ಮಾತಾಡಿದ್ರಲ್ಲ.

ಅರೆಬರೆರೈತ:
ಗುಂಡಿಗೆ ಬೆಲ್ಲ ಹಾಕಬೇಕು ಅಂತಾರೆ, ಉಪ್ಪು ಹಾಕಬೇಕು ಅಂತಾರೆ, ಕಲ್ಚರ್ ಪುಡಿ ಹಾಕಬೇಕು ಅಂತಾರೆ. ಯಾವುದು ಸರಿ?

ಹಸಿರುಗೆರೆ:
ಬೆಲ್ಲ, ಕಾಕಂಬಿ ಮೆಕ್ಕೆಜೋಳಕ್ಕೆ ಬೇಕಿಲ್ಲ, ಅದರಲ್ಲೇ ಸಕ್ಕರೆ ಸಾಕಷ್ಟಿದೆ. ಹದದಲ್ಲಿ ಕತ್ತರಿಸಿ ಚೆನ್ನಾಗಿ ತುಳಿದರೆ ಪಿಎಚ್ ತಾನಾಗೇ 4ರ ಹತ್ತಿರ ಇಳಿಯುತ್ತೆ. ಕಲ್ಚರ್ ಹಾಕೋದಾದರೆ ಬುಕ್ನೆರಿ ಅನ್ನೋ ಬ್ಯಾಕ್ಟೀರಿಯಾ ಇರೋದು ತಗೊಳ್ಳಿ, ಮೇವಿನ ಗ್ರಾಂ ಒಂದಕ್ಕೆ 4 ಲಕ್ಷ ಜೀವಾಣು ಬೀಳೋ ಪ್ರಮಾಣ. ಅದು ಅಸಿಟಿಕ್ ಆಮ್ಲ ಮಾಡುತ್ತೆ, ಗುಂಡಿ ತೆರೆದ ಮೇಲೆ ಯೀಸ್ಟ್ ಎದ್ದು ಬಿಸಿ ಆಗೋದು ತಪ್ಪುತ್ತೆ.

ಕರಿಮಣ್ಣು:
ಕಲ್ಚರ್‌ಗೆ ಸುರಿಯೋ ರೊಕ್ಕಾ ತುಳಿಯೋ ಟ್ರ್ಯಾಕ್ಟರ್ ಡೀಸೆಲ್‌ಗೆ ಹಾಕ್ರಿ. ಅರ್ಧ ಅಡಿ ಹಾಸು, ತುಳಿ, ಮತ್ತ ಹಾಸು.

ಹಸಿರುಗೆರೆ:
ಎರಡೂ ಮಾಡಿ ಅಂದೆ, ಒಂದು ಬಿಡಿ ಅನ್ನಲಿಲ್ಲ. ಬಿಎಂಆರ್ ವಿಷಯದಲ್ಲೂ ಹೀಗೇ ಮಾಡಿದ್ರಿ.

ಗೋಮಾಳದಾಕೆ:
ನಿಮ್ಮಿಬ್ಬರ ಜಗಳದಲ್ಲಿ ಬುಡ ಎಷ್ಟು ಬಿಟ್ಟು ಕತ್ತರಿಸಬೇಕು ಅನ್ನೋದು ಮರೆತೇಹೋಯ್ತು. ಅಂಗೈ ಅಗಲ ಬಿಡೋ ಬದಲು ಮೊಣಕಾಲ ಎತ್ತರ ಬಿಟ್ಟರೆ ತೂಕ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಡಿಮೆ ಬರುತ್ತೆ, ಆದರೆ ಉಳಿಯೋದು ದಂಟಿನ ಅತಿ ಒರಟು ಭಾಗ. ಗುಂಡಿಯೊಳಗಿನ ಮೇವಿನಲ್ಲಿ ಪಿಷ್ಟದ ಪಾಲು, ನಾರಿನ ಜೀರ್ಣ ಎರಡೂ ಏರುತ್ತೆ. ಮಾಮೂಲಿ ತಳಿಯಲ್ಲೇ ಬಿಎಂಆರ್ ಕಡೆ ಒಂದು ಹೆಜ್ಜೆ ಹೋದ ಹಾಗೆ. ಮೇವು ಸಾಕಷ್ಟು ಇರೋ ವರ್ಷ ಹೀಗೆ ಮಾಡಿ, ಬರ ಬಂದ ವರ್ಷ ಕೆಳಗಿನಿಂದ ಕತ್ತರಿಸಿ. ಬೀಜ ಬುಕ್ ಮಾಡೋ ದಿನ ಇದನ್ನ ಯಾರಿಗೂ ಹೇಳೋಕಾಗಲ್ಲ, ಕಟಾವಿನ ದಿನ ನೀವೇ ತೀರ್ಮಾನ ಮಾಡಬಹುದು.

ಹಟ್ಟಿಡಾಕ್ಟ್ರು:
ಇನ್ನೊಂದು. ಗುಂಡಿ ಮುಚ್ಚಿ ಮೂರು ವಾರಕ್ಕೇ ತೆರೆದರೆ ಪಿಷ್ಟ ಅಷ್ಟಾಗಿ ಜೀರ್ಣ ಆಗಲ್ಲ. ತಿಂಗಳು ಕಳೆದಂತೆ ಕಾಳಿನೊಳಗಿನ ಆ ಜೀಯಿನ್ ಪ್ರೋಟೀನ್ ಕರಗುತ್ತಾ ಬರುತ್ತೆ, ಮೂರು ನಾಲ್ಕು ತಿಂಗಳಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಆದರೆ ಆಗಲೂ ಹಿಂಡಿ, ಜೋಳದ ನುಚ್ಚು ಅದೇ ಲೆಕ್ಕದಲ್ಲಿ ಹಾಕ್ತಾ ಇದ್ದರೆ ಹಸುವಿಗೆ ಹೊಟ್ಟೆ ಹುಳಿಯಾಗುತ್ತೆ. ಸಗಣಿ ತೆಳುವಾಗಿ ನೊರೆ ಬಂದರೆ, ಹಾಲಿನ ಫ್ಯಾಟ್ ಇಳಿದರೆ ನುಚ್ಚು ತಗ್ಗಿಸಿ.

ಹೊಸಕೊಟ್ಟಿಗೆ:
ಎಲ್ರಿಗೂ ಥ್ಯಾಂಕ್ಸ್. ನಾನು ಅಂದ್ಕೊಂಡಿರೋದು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಹಿಟ್ಟುಗಾಳು, ಪಿಷ್ಟ ಜಾಸ್ತಿ, ಮಧ್ಯಮ ಅವಧಿಯ ತಳಿ ಮುಕ್ಕಾಲು ಹೊಲಕ್ಕೆ. ಉಳಿದ ಕಾಲು ಭಾಗಕ್ಕೆ ಹತ್ತು ದಿನ ಹೆಚ್ಚಿನ ಅವಧಿಯದು. ಬಿಎಂಆರ್ ಈ ಸಲ ಬೇಡ. ಏಜೆಂಟ್ ಹತ್ರ ಟ್ರಯಲ್ ಶೀಟ್ ಕೇಳಿದೆ, ಒಂದೇ ಜಾಗದ, ಒಂದೇ ವರ್ಷದ ಶೀಟ್ ಕಳಿಸಿದ್ದಾನೆ. ಅದರಲ್ಲಿ ಅವರ ತಳಿಯೇ ಫಸ್ಟ್.

ಕರಿಮಣ್ಣು:
ಮತ್ತೇನ ಸೆಕೆಂಡ್ ಬರತದೇನ್ರಿ ಅವರ ಶೀಟಿನ್ಯಾಗ 😄

ಮೇವುಲೆಕ್ಕ:
ಒಂದು ಜಾಗದ ಒಂದು ವರ್ಷದ ಶೀಟ್ ನಂಬಬೇಡಿ, ಆ ವರ್ಷದ ಮಳೆಯೇ ಗೆದ್ದಿರುತ್ತೆ. ಮೂರ್ನಾಲ್ಕು ಜಾಗ, ಎರಡು ವರ್ಷದಲ್ಲೂ ಮೊದಲ ಸಾಲಲ್ಲೇ ಇರೋದನ್ನ ಹುಡುಕಿ. ನಂಬರ್ ಒನ್ನೇ ಆಗಬೇಕಿಲ್ಲ. ಶೀಟ್‌ನಲ್ಲಿ ಹೆಕ್ಟೇರಿಗೆ ಹಾಲು, ಟನ್ನಿಗೆ ಹಾಲು ಅಂತ ಎರಡು ಕಾಲಂ ಇದ್ದರೆ ಅದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ಕ್2006 ರೀತಿಯ ಲೆಕ್ಕ. ನಿಮಗೆ ಜಾಗ ಕಡಿಮೆ ಇದ್ದರೆ ಹೆಕ್ಟೇರಿಗೆ ಹಾಲು ನೋಡಿ, ಹಸು ಹೆಚ್ಚು ಹಾಲಿನವಾದರೆ ಟನ್ನಿಗೆ ಹಾಲು ನೋಡಿ.

ಹೊಸಕೊಟ್ಟಿಗೆ:
ಜಾಗ ಕಡಿಮೆ, ಹಸುವೂ ಹೆಚ್ಚು ಹಾಲಿನವು. ಈಗೇನು ಮಾಡೋದು?

ಮೇವುಲೆಕ್ಕ:
ಎರಡರಲ್ಲೂ ಸರಾಸರಿಗಿಂತ ಮೇಲಿರೋದನ್ನ ಗುರುತು ಹಾಕಿ, ಅಂಥವು ಕೆಲವೇ ಉಳಿಯುತ್ತವೆ. ಅವುಗಳಲ್ಲಿ ಎರಡನ್ನ ಪಕ್ಕಪಕ್ಕ ನಾಲ್ಕು ನಾಲ್ಕು ಸಾಲು ನಿಮ್ಮ ಹೊಲದಲ್ಲೇ ಹಾಕಿ, ಒಂದೇ ದಿನ, ಒಂದೇ ಗೊಬ್ಬರ. ಕಟಾವಿನ ದಿನ ತೂಕ, ಒಣ ಅಂಶ ಎರಡೂ ಬರೆದಿಡಿ.

ಟ್ರೇಲರ್ತುಂಬ:
ತೂಕಕ್ಕೆ ಬದುವಿನ ಪಕ್ಕದ ಸಾಲು ತಗೋಬೇಡಿ, ಬಿಸಿಲು ಗಾಳಿ ಜಾಸ್ತಿ ಸಿಕ್ಕು ಅಲ್ಲಿ ತೆನೆ ದಪ್ಪ ಇರುತ್ತೆ. ನಡುವಿನ ಎರಡು ಸಾಲು ಮಾತ್ರ. ಮತ್ತೆ ದಿನ ಮೊದಲೇ ಹೇಳಿ, ನಾಲ್ಕು ಸಾಲಿಗೆ ಅಂತ ಯಂತ್ರ ಬರಲ್ಲ, ಕುಡುಗೋಲಲ್ಲೇ ಕೊಯ್ದು ತೂಗಬೇಕಾಗುತ್ತೆ.

ಹೊಲಮನೆ_ಅಕ್ಕ:
ಆ ಎರಡು ಸಾಲಿನ ತೆನೆ ಬಲಿಯೋ ಹೊತ್ತಿಗೆ ಹಂದಿ ಬರದಂತೆ ರಾತ್ರಿ ಕಾಯೋರು ಯಾರು ಅಂತ ಮೊದಲೇ ನೋಡ್ಕೊಳ್ಳಿ. ಹಿಟ್ಟುಗಾಳು ಅಂದ್ರೆ ಅವಕ್ಕೂ ಇಷ್ಟವೇ.